ಕಾಕಾನ ಸ್ವರ್ಗಕ್ಕೆ ತ್ರೀ ಫೇಸ್ ಕರೆಂಟು

ಸತ್ತಮೇಲೆ ಎಲ್ಲಿಗೆ ಹೋಗುತ್ತೇವೆಂದು ಜಗತ್ತಿಗೆ ಗೊತ್ತಿಲ್ಲದಿರಬಹುದು. ನನಗೆ ಗೊತ್ತು! ಹೊನವಾಡದ ನನ್ನ ಕಾಕಾನ ಇನ್ನೂರು ಪುಟದ ನೋಟುಬುಕ್ಕಿಗೆ.

ದ್ರಾಕ್ಷಿ ಬೆಳೆಯುವ ಕಾಕಾ ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದಾನೆ. ಅದರಲ್ಲಿ ಸತ್ತವರ ಮನಸ್ಸನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಾರೆ. ಒಳಗೆ ಮೊಣಕಾಲು ನೋವಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಬರೀ ಸುಖ! ಒಂದೇ ತೊಂದರೆ. ಆ ಸ್ವರ್ಗ ನಡೆಯುವುದು ದಿನಕ್ಕೆ ಏಳೇ ತಾಸು.

"ಯಾಕ ಕಾಕಾ?"

"ತ್ರೀ ಫೇಸ್ ಕರೆಂಟ್ ಅಷ್ಟ ಹೊತ್ತು ಇರತೈತಲ್ಲೋ!"

ಪಂಪ್‌ಸೆಟ್ಟಿನ ಜೊತೆ ಆಯುಷ್ಯ ಕಳೆದವನ ಕಲ್ಪನೆ ಇನ್ನೆಲ್ಲಿಗೆ ಹಾರೀತು? ಪಾಪ ಮಾಡಿದವರ ಗತಿಯೇನೆಂದು ಕೇಳಿದೆ.

"ಅವರಿಗೆ ಸಿಂಗಲ್ ಫೇಸ್. ಬಲ್ಬ್ ಹತ್ತತೈತಿ, ಪಂಪ್ ತಿರಗಂಗಿಲ್ಲ. ಒದ್ದಾಡ್ಲಿ ಮಕ್ಕಳು!"

ಅಷ್ಟರಲ್ಲಿ ಕಾಕಾನಿಗೆ ಧರ್ಮಸಂಕಟ ಶುರುವಾಯಿತು. ಒಪ್ಪಿಗೆ ಇಲ್ಲದೆ ಯಾರನ್ನೂ ಒಳಗೆ ಹಾಕುವುದು ಅನ್ಯಾಯವಂತೆ. ಕಾದಂಬರಿಯಲ್ಲಿ ನಮ್ಮ ಬೀಗರೆಲ್ಲ ಪಾತ್ರಗಳಲ್ಲವೇ? ಬಬಲೇಶ್ವರದ ಒಂದು ಮದುವೆಗೆ ಒಪ್ಪಿಗೆಯ ಅರ್ಜಿಗಳನ್ನೂ ಇಂಕ್ ಪ್ಯಾಡನ್ನೂ ಹಿಡಿದುಕೊಂಡೇ ಬಂದ. ಊಟದ ಪಂಕ್ತಿಯಲ್ಲಿ ಹೆಬ್ಬೆಟ್ಟು ಕೇಳಿದರೆ ಏನಾದೀತು? "ಹೊಲಾ ಬರಸ್ಕೊಳ್ಳಾಕ ಬಂದಾನ!" ಎಂದು ಅರ್ಧ ಪಂಕ್ತಿ ಹೋಳಿಗೆ ಬಿಟ್ಟು ಎದ್ದಿತು! ತಿಕೋಟಾದ ಮುದುಕಿಯೊಬ್ಬಳು ಮಾತ್ರ ಧೈರ್ಯವಾಗಿ ಕೂತಳು.

"ಅಲ್ಲಿ ಎಮ್ಮಿ ಇರ್ತಾವೇನೋ ಯಪ್ಪಾ?"

"ಇರ್ತಾವಬೇ."

"ಸೆಗಣಿ ಬಾಚೋರ್ ಯಾರು?"

"ನೀನ."

"ಸತ್ತ ಮ್ಯಾಲೂ ಬಾಚಬೇಕೇನೋ! ಸರಿ ಅತ್ಲಾಗ!"

ಇಷ್ಟೆಲ್ಲ ಆದರೂ ಕೊನೆಯ ಅಧ್ಯಾಯ ಮಾತ್ರ ಎರಡು ಸುಗ್ಗಿ ಕಳೆದರೂ ಮುಗಿಯಲಿಲ್ಲ. ಮೊನ್ನೆ ನೋಟುಬುಕ್ಕು ತಿರುವಿದೆ; ಅರ್ಜಿಗಳೆಲ್ಲ ಅದರೊಳಗೇ ಇದ್ದವು. ಪಂಕ್ತಿಯಿಂದ ಎದ್ದು ಹೋದವರೂ ಆಮೇಲೆ ಹೆಬ್ಬೆಟ್ಟು ಒತ್ತಿಕೊಟ್ಟಿದ್ದರು. ನನ್ನ ಹೆಬ್ಬೆಟ್ಟೂ ಇತ್ತು. ಕಾಕಾನದೇ ಇರಲಿಲ್ಲ.

"ನಿಂದೆಲ್ಲಿ ಕಾಕಾ?"

ಕಾಕಾ ಪೆನ್ನಿಗೆ ಟೊಪ್ಪಿಗೆ ಹಾಕಿ ಕೆಳಗಿಟ್ಟ. ಅವನ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಮೂರು ವರ್ಷವಾಯಿತು. ಹಿಂದೆ ಕಾಕಾ ಅವಳನ್ನು ಕೇಳದೆ ಎಮ್ಮೆ ಮಾರಿದ್ದಕ್ಕೆ ಎಂಟು ದಿನ ಮಾತು ಬಿಟ್ಟಿದ್ದಳು.

"ಅಕಿನ್ನ ಕೇಳದ ಒಳಗ ಹ್ಯಾಂಗ ಹಾಕ್ಲಿ? ಕೇಳಾಕ ಎಲ್ಲಿಗಿ ಹೋಗ್ಲಿ?" ಎಂದ. "ಅಕಿನ್ನ ಹೊರಗ ಬಿಟ್ಟು ನಾ ಒಬ್ಬನ ಒಳಗ ಹೋಗಿ ಏನ್ ಮಾಡ್ಲಿ?"

ನನ್ನ ಅರ್ಜಿಯನ್ನು ಮೆಲ್ಲಗೆ ಹರಿದು ಕಿಸೆಗೆ ಹಾಕಿಕೊಂಡೆ. "ನಾನೂ ನಿಮ್ಮಿಬ್ಬರ ಜೋಡಿ ಹೊರಗ ಇರ್ತೀನಿ ಬಿಡು. ಕಾಕುನ ರೊಟ್ಟಿ ಒಳಗೆಲ್ಲಿ ಸಿಗಬೇಕು?"

"ಹೊರಗ ಸಿಂಗಲ್ ಫೇಸೂ ಇಲ್ಲಲೇ ಮಗನ!" ಎಂದು ಕಾಕಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.