ಹಾಲೆಂಡಿನಿಂದ ಬರುವ ಆದಾಯ

ಸರಕಾರದ ಕಣ್ಣಿಗೆ ನಾನು ಐದು ಆದಾಯಗಳ ಒಡೆಯ. ಕನ್ನಡ ಮಾಸ್ತರನ ಪಿಂಚಣಿ, ಜಮಖಂಡಿಯ ನಮ್ಮ ಮಾಳಿಗೆಯ ಬಾಡಿಗೆ, ಬ್ಯಾಂಕಿನ ಬಡ್ಡಿ, ಅನಗವಾಡಿಯ ಹೊಲದ ಕಬ್ಬು, ಮತ್ತು ಹಾಲೆಂಡು. ಇಂಥ ಕುಬೇರನಿಗೆ ಸಂಜೆ "ಚಹಾ ತಗೋರಿ" ಎನ್ನುವ ಒಂದು ಬಾಯಿ ಮನೆಯಲ್ಲಿ ಇರಲಿಲ್ಲ. ತಂಗಿಯ ಮೊಣಕಾಲಿನ ಆಪರೇಷನ್ನಿಗೆಂದು ಮಿರಜಿಗೆ ಹೋದ ನನ್ನ ಹೆಂಡತಿ ಕಾಶೀಬಾಯಿ ಅಲ್ಲಿಯೇ ಉಳಿದಿದ್ದಳು. ಆ ಮೊಣಕಾಲು ಗುಣವಾಗಿ ಸಂತೆಗೆ ಹೋಗಿಬರುತ್ತಿತ್ತು. ಇವಳು ಮಾತ್ರ ಬರುತ್ತಿರಲಿಲ್ಲ. ಅಲ್ಲಿ ಮಾತಿಗೆ ಜನರಿದ್ದಾರಂತೆ. (ಇಲ್ಲಿ ನಾನಿದ್ದೆ. ಅದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.)

ಹಾಲೆಂಡಿನ ವಿಷಯ ಇಷ್ಟೇ. ಆನಿಕಾ ಎಂಬ ಮಹಿಳೆ ಮುಧೋಳದ ಕಡೆಯಿಂದ ಒಂದು ನಾಯಿಯನ್ನು ಒಯ್ದಿದ್ದಳು. ಅದು ಆಕೆಯ ಭಾಷೆಗೆ ಕಿವಿಗೊಡಲಿಲ್ಲ. ಆದ್ದರಿಂದ ಆಕೆ ಫೋನಿನಲ್ಲಿ ನನ್ನಿಂದ ಕನ್ನಡ ಕಲಿಯತೊಡಗಿದಳು. ತಿಂಗಳಿಗೊಮ್ಮೆ ಸಂಭಾವನೆ ಕಳಿಸುತ್ತಿದ್ದಳು. ಇದು ಶುರುವಾದದ್ದು ಕಾಶೀಬಾಯಿ ಹೋದ ಮೇಲೆ.

ಆದಾಯ ತೆರಿಗೆಯ ಲೆಕ್ಕ ಮಾಡಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ ಕೌಸ್ತುಭ. ಮಾಳಿಗೆ ಸೋರಲು ಬಿಟ್ಟರೂ ಬಾಡಿಗೆಯಲ್ಲಿ ದುರಸ್ತಿಗೆಂದು ನೂರಕ್ಕೆ ಮೂವತ್ತು ಬಿಡುತ್ತಾರಂತೆ. ಕಬ್ಬಿಗೆ ತೆರಿಗೆ ಇಲ್ಲವಂತೆ, ಆದರೆ ಉಳಿದ ಆದಾಯದ ದರ ಏರಿಸಲು ಅದನ್ನು ಎಣಿಸುತ್ತಾರಂತೆ. ತಾನು ಪರೀಕ್ಷೆಗೆ ಕೂಡದೆ ಉಳಿದವರ ಪ್ರಶ್ನೆಪತ್ರಿಕೆ ಬಿಗಿ ಮಾಡಿಸುವ ಹುಡುಗನ ಹಾಗೆ. ಹಾಲೆಂಡಿನ ಹಣವೂ ಲೆಕ್ಕಕ್ಕೆ ಬರಬೇಕು. ಕೊನೆಗೆ, ನಾನು ಹೆಂಡತಿಯ ಹೆಸರಿನಲ್ಲಿಟ್ಟ ಠೇವಣಿಯ ಬಡ್ಡಿಯೂ ನನ್ನದೇ ಆದಾಯವೆಂದ. ಹೆಂಡತಿ ಮಿರಜಿನಲ್ಲಿ, ಅವಳ ಬಡ್ಡಿ ನನ್ನ ಮಡಿಲಲ್ಲಿ!

ಆಗಲೇ ನನಗೆ ಮಹಾ ಉಪಾಯ ಹೊಳೆಯಿತು. ಅವಳಿಗೆ ಫೋನು ಮಾಡಿ, ನಿನ್ನ ಠೇವಣಿಯ ಕೆಲಸವಿದೆ, ಸಹಿಗೆ ನೀನೇ ಬರಬೇಕು ಎಂದೆ.

"ಸಹಿ ಗಿಹಿ ಏನೂ ಬೇಕಾಗಿಲ್ಲಂತ. ಕೌಸ್ತುಭನ್ನ ಆಗಳೇ ಕೇಳೇನಿ," ಎಂದಳು.

ಸೋತವನು ದನಿ ತಗ್ಗಿಸಿ, "ಹಾಲೆಂಡಿನಾಕಿ ಒಬ್ಬಾಕಿ ನನಗ ತಿಂಗಳಾ ರೊಕ್ಕ ಕಳಸತಾಳ. ಅದನ್ನೂ ತೋರಸಬೇಕಂತ," ಎಂದೆ.

ಮಿರಜಿನಲ್ಲಿ ಯಾರೋ ಟಿ.ವಿ. ಆರಿಸಿದರು.

"ಯಾಕ ಕಳಸತಾಳ?"

"ಪ್ರೀತಿಲೆ ಹೆಂಗ ಕರೀಬೇಕು ಅಂತ ಕಲಸ್ತೇನಿ."

(ನಾಯಿಯ ಸುದ್ದಿ ಎತ್ತಲಿಲ್ಲ. ಸರಕಾರದಿಂದ ಏನನ್ನೂ ಮುಚ್ಚಿಡದವನು ಹೆಂಡತಿಯಿಂದ ಒಂದು ನಾಯಿಯನ್ನು ಮುಚ್ಚಿಟ್ಟೆ.)

ಮರುದಿನ ಮಧ್ಯಾಹ್ನವೇ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಎದೆ ತುಂಬಿ ಬಂತು. ಅವಳು ಚಪ್ಪಲಿ ಬಿಡುತ್ತಲೇ, ಎಲ್ಲಿ ಆಕಿ, ತೋರಸ್ರಿ ಎಂದಳು.

ಪಾಠದ ಹೊತ್ತೂ ಆಗಿತ್ತು. ಫೋನಿನ ಪರದೆಯ ಮೇಲೆ ಬೆಳ್ಳಿಗೂದಲಿನ ಆನಿಕಾಳನ್ನೂ, ಪಕ್ಕದಲ್ಲಿ ಉದ್ದ ಮೋರೆಯ ನಾಯಿಯನ್ನೂ ಕಂಡು ಕಾಶೀಬಾಯಿಯ ಹುಬ್ಬು ಸಡಿಲಾಯಿತು. ನಾನು ಗಂಟಲು ಸರಿಮಾಡಿಕೊಂಡು, "ಎಲೈ ಶ್ವಾನವೇ, ಕುಳಿತುಕೊ," ಎಂದು ಹೇಳಿಕೊಟ್ಟೆ. ಆನಿಕಾ ಶ್ರದ್ಧೆಯಿಂದ ಹಾಗೆಯೇ ಅಂದಳು. ನಾಯಿ ಕಿಟಕಿಯ ಕಡೆ ನೋಡಿತು. ಆರಂಭದಿಂದಲೂ ಅದು ಹಾಗೆಯೇ ನೋಡುತ್ತಿತ್ತು. ನಾನು ಅದನ್ನು ಮಂದಬುದ್ಧಿ ಎಂದುಕೊಂಡಿದ್ದೆ.

ಕಾಶೀಬಾಯಿ ನನ್ನನ್ನು ಮೊಳಕೈಯಿಂದ ಸರಿಸಿದಳು. "ಏ ರಾಜಾ, ಸುಮ್ನ ಕುಂದರಲೇ."

ನಾಯಿ ಥಟ್ಟನೆ ಕುಳಿತಿತು. ಎಷ್ಟೋ ದಿನದ ಮೇಲೆ ಊರಿನವರ ದನಿ ಕೇಳಿದ ಹಾಗೆ ಬಾಲ ಬಡಿಯಿತು. ಆನಿಕಾ ಕಣ್ಣೊರೆಸಿಕೊಂಡಳು.

ಅಂದಿನಿಂದ ಪಾಠವೂ ಸಂಭಾವನೆಯೂ ಕಾಶೀಬಾಯಿಯದು. ಆನಿಕಾಗೂ ಮಾತಿಗೆ ಜನ ಬೇಕಿತ್ತೋ ಏನೋ, ಇಬ್ಬರೂ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಸೊಂಟನೋವು, ರೊಟ್ಟಿ, ಸೊಸೆಯಂದಿರು ಎಲ್ಲವನ್ನೂ ಮುಗಿಸುತ್ತಾರೆ. ಮಿರಜಿನ ಹಂಬಲ ಬಿಟ್ಟಿದೆ. ನನ್ನ ಪಾಳಿ ಮಾತ್ರ ಬಂದಿಲ್ಲ.

ಈ ವರ್ಷ ಕೌಸ್ತುಭ ಲೆಕ್ಕ ಹಾಕಿ ಸಂತೋಷದಿಂದ, "ಸರ್, ನಿಮ್ಮ ಆದಾಯ ಕಡಿಮಿ ಆಗೇದರಿ. ಕಾಶೀಕಾಕೂ ತಮ್ಮ ವಿದ್ಯಾದಿಂದ ಗಳಿಸಿದ್ದು ನಿಮ್ಮ ಲೆಕ್ಕಕ್ಕ ಬರೂದಿಲ್ಲ," ಎಂದ. ಅಭಿನಂದನೆಯನ್ನೂ ಹೇಳಿದ.

ಮನೆಗೆ ಬಂದಾಗ ಒಳಗೆ ನಗು ಕೇಳುತ್ತಿತ್ತು. ಸುದ್ದಿ ಹೇಳೋಣವೆಂದು ಹೊಸ್ತಿಲಲ್ಲಿ ನಿಂತು ಕೆಮ್ಮಿದೆ. ಕಾಶೀಬಾಯಿ ತಿರುಗಿಯೂ ನೋಡದೆ, "ಹೊರಗ ಕುಂದರ್ರಿ, ಕ್ಲಾಸ್ ನಡದದ," ಎಂದಳು.

ನಾನು ಕಟ್ಟೆಯ ಮೇಲೆ ಕುಳಿತೆ. ಒಳಗೆ ಫೋನಿನಲ್ಲಿ ಆನಿಕಾ ಚಪ್ಪಾಳೆ ತಟ್ಟಿದಳು. ನನಗಲ್ಲ, ಹಾಲೆಂಡಿನಲ್ಲಿ ನಾಯಿಯೂ ಅದೇ ಮಾತಿಗೆ ಕುಳಿತಿತ್ತು.