ಎರಡನೆಯ ಪುಟದ ವರ

ಎತ್ತರ ಆರಡಿ ಒಂದಂಗುಲ, ಎಡಕ್ಕೆ ವಾಲಿದ ಮೂಗು. ಮೂರು ಸಲ ಮುರಿದದ್ದಂತೆ. ಹೀಗೆ ಕಾಣದವರ ವಿವರ ಬರೆಯುವುದೇ ನನ್ನ ಕೆಲಸವಾಗಿತ್ತು. ಸಿಂಗಪುರದ ಟೋವಾ ಪಾಯೋದ ಪ್ರಕಾಶನವೊಂದರಲ್ಲಿ ಕ್ರೀಡಾ ವಿಶ್ವಕೋಶಕ್ಕೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೆ. ಆ ವಾರ ನನ್ನ ಪಾಲಿಗೆ ಬಂದವನು ಅಮೆರಿಕನ್ ಫುಟ್‌ಬಾಲಿನ ಆದಿಕಾಲದ ಆಟಗಾರ. ಹೆಸರಿಗೆ ಫುಟ್‌ಬಾಲ್, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ತಲೆಗೊಂದು ಟೋಪಿಯೂ ಇಲ್ಲದೆ ಆಡಿ, ಮೂಗು ಸಾಕೆಂದ ಮೇಲೆ ಕಾಲೇಜು ಹುಡುಗರ ಕೋಚ್ ಆದ. ಆರು ವರ್ಷದಲ್ಲಿ ಐದು ಕಾಲೇಜು. ವರ್ಷಕ್ಕೆರಡು ಕಂಪನಿ ಬದಲಿಸುತ್ತಿದ್ದ ನಮ್ಮ ಸಿಂಗಪುರದ ಗೆಳೆಯರ ಮುಂದೆ ಅದೇನೂ ಹೆಚ್ಚಲ್ಲ ಬಿಡಿ.

ಶನಿವಾರ ತಿದ್ದೋಣವೆಂದು ಅವನನ್ನು ಮನೆಗೆ ತಂದೆ. ಹೆಸರು, ಇಸವಿಗಳಿದ್ದ ಮೊದಲ ಪುಟ ಚೀಲದಲ್ಲೇ ಉಳಿಯಿತು. ಎರಡನೆಯದು ಊಟದ ಮೇಜಿನ ಮೇಲಿತ್ತು. ಶನಿವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಬಿಶಾನ್ ಬಡಾವಣೆಯ ತಮ್ಮ ಮನೆಯಲ್ಲಿ ನನಗೆ ರೂಮು ಕೊಟ್ಟಿದ್ದ ಮೈಸೂರಿನ ಶಾರದಾ ಆಂಟಿ ಅದನ್ನು ಓದಿ ಮುಗಿಸಿದ್ದರು.

"ಏನಮ್ಮಾ, ಹುಡುಗನ ಬಯೋಡೇಟಾ ಇಟ್ಕೊಂಡು ಬಾಯೇ ಬಿಟ್ಟಿಲ್ಲ! ಅಮೆರಿಕನ್ ಅಂತ ಹೇಳೋಕೆ ಭಯಾನಾ? ಹೈಟ್ ಪರ್ಫೆಕ್ಟ್. ಆದ್ರೆ ಇಷ್ಟು ಸಲ ಯಾಕೆ ಜಾಬ್ ಚೇಂಜ್ ಮಾಡಿದಾನೆ? ಜಗಳಗಂಟನಾ?"

"ಟೀಮ್ ಸೋತ್ರೆ ತೆಗೆದುಹಾಕ್ತಾರೆ ಆಂಟಿ."

ಹೇಳಬೇಕಾದದ್ದು ಅದಲ್ಲವೆಂದು ಹೇಳಿದ ಮೇಲೆ ಹೊಳೆಯಿತು. ಕೇಳಿದ್ದಕ್ಕೆ ಮಾತ್ರ ನಿಖರವಾಗಿ ಉತ್ತರಿಸುವುದು ನನ್ನ ಒಂದು ಚಾಳಿ. ಮದುವೆಯ ಮಾತು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುವುದು ಇನ್ನೊಂದು. ಒಂದೇ ನಿಮಿಷದಲ್ಲಿ ಎರಡನ್ನೂ ಮಾಡಿದೆ. ಬಾಗಿಲ ಆಚೆ ಆಂಟಿ ಆಗಲೇ ಮೈಸೂರಿನಲ್ಲಿದ್ದ ನನ್ನ ಅಮ್ಮನಿಗೆ ಫೋನ್ ಹಚ್ಚಿದ್ದರು.

ಸಂಜೆ ಅಮ್ಮನ ಫೋನು ಬಂತು. ಎರಡು ವರ್ಷದಿಂದ ಜಾತಕ ಕಳಿಸಿ ಕಳಿಸಿ ಸೋತಿದ್ದ ಅಮ್ಮ.

"ಅಮೆರಿಕದವನಾದ್ರೂ ಪರವಾಗಿಲ್ಲ ಕಣೇ. ಮಧ್ಯಾಹ್ನದಿಂದ ಕೂತು ಅಪ್ಪನ್ನ ಒಪ್ಪಿಸಿದೀನಿ. ಮೂಗೊಂದು ತಾನೆ, ಆಪರೇಷನ್ ಮಾಡಿಸಬಹುದು."

ಅಪ್ಪನನ್ನು ಒಪ್ಪಿಸುವುದು ಎಂಥ ಕೆಲಸವೆಂದು ನನಗೆ ಗೊತ್ತು. ಅಮ್ಮನ ದನಿ ಅಷ್ಟು ಹಗುರಾಗಿದ್ದನ್ನು ಕೇಳಿ ಬಹಳ ದಿನವಾಗಿತ್ತು. ಅವನು ಬದುಕಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ.

"ವಯಸ್ಸು ಸ್ವಲ್ಪ ಜಾಸ್ತಿ ಅಮ್ಮಾ."

"ನಾಲ್ಕೈದು ವರ್ಷ ತಾನೆ? ಅಡ್ಜಸ್ಟ್ ಆಗತ್ತೆ."

ನಾನು "ಹ್ಞೂಂ" ಎಂದೆ. ವಿಶ್ವಕೋಶದಲ್ಲಿ ಒಂದು ಇಸವಿ ತಪ್ಪಿದರೂ ಊಟ ಸೇರದ ಹೆಂಗಸು ನಾನು.

ಮರುದಿನ ಬೆಳಿಗ್ಗೆ ಕಾಫಿಗೂ ಮೊದಲೇ ಫೋನ್ ಮಾಡಿ, ಅವನು ತೀರಿಕೊಂಡು ಅರವತ್ತು ವರ್ಷವಾಯಿತೆಂದು ತಿಳಿಸಿದೆ. ಅಮ್ಮ ಮೆಲ್ಲಗೆ, "ಅಪ್ಪ ಹೇಗೂ ಒಪ್ಪಿಬಿಟ್ಟಿದಾರೆ. ಬದುಕಿರೋರು ಯಾರಾದ್ರೂ ಇದ್ರೆ ಈಗಲೇ ಹೇಳಿಬಿಡು" ಎಂದಳು.

ಆಫೀಸಿಗೆ ಹೊತ್ತಾಯಿತೆಂದು ಹೇಳಿ ಫೋನಿಟ್ಟೆ. ಅಂದು ಭಾನುವಾರ.