ಊರು ಹೊತ್ತ ಶೆಡ್ಡು

ಸಿಡ್ನಿಯ ಪೆಂಡಲ್ ಹಿಲ್‌ನ ಯಾದವರಿಗೆ ಈ ಜಗತ್ತಿನಲ್ಲಿ ಸ್ವಂತದ್ದು ಅಂತ ಇದ್ದದ್ದು ಹಿತ್ತಲ ಮೂಲೆಯ ಒಂದು ಮರದ ಶೆಡ್ಡು ಮಾತ್ರ. ಮನೆ ಬ್ಯಾಂಕಿನದು, ಕಾರು ಹೆಂಡತಿ ಗುಣವತಿಯದು, ಟೀವಿ ಮಗಳು ಅಪೇಕ್ಷಾಳದು. ಶೆಡ್ಡಿನೊಳಗೆ ಒಂದು ಆರಾಮ ಕುರ್ಚಿ, ಒಂದು ಟೇಪ್ ರೆಕಾರ್ಡರ್, ಉಡುಪಿಯಿಂದ ಹೊತ್ತು ತಂದ ಯಕ್ಷಗಾನದ ಕ್ಯಾಸೆಟ್ಟುಗಳು. “ಸ್ಕ್ರೂಡ್ರೈವರ್ ಹುಡುಕಿ ಬರ್ತೇನೆ” ಎಂದು ಸಂಜೆ ಒಳಗೆ ಹೊಕ್ಕರೆ ಊಟಕ್ಕೆ ಕರೆಯುವ ತನಕ ಅವರು ಯಾರ ಕೈಗೂ ಸಿಗುತ್ತಿರಲಿಲ್ಲ. ಅವರು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಒಂದು ಸ್ಕ್ರೂವನ್ನೂ ತಿರುಗಿಸಿದವರಲ್ಲ ಎಂಬುದು ಬೇರೆ ಮಾತು.

ಅಂಥ ಶೆಡ್ಡಿನ ಮೇಲೆ ಕೌನ್ಸಿಲ್‌ನವರ, ಅಂದರೆ ಅಲ್ಲಿನ ಪುರಸಭೆಯವರ, ಕಣ್ಣು ಬಿತ್ತು. ಅದು ನಿಂತಿರುವುದು ಚರಂಡಿ ಪೈಪಿನ ಮೇಲೆ, ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇವೆ, ಅಷ್ಟರೊಳಗೆ ಪಕ್ಕಕ್ಕೆ ಸರಿಸಿರಬೇಕು, ಇಲ್ಲವಾದರೆ ಕೆಡವಿಸುತ್ತೇವೆ ಎಂದರು. ಯಾದವರಿಗೆ ಅವರು ಯಮದೂತರ ಹಾಗೆ ಕಂಡರು. ಗುಣವತಿಗೆ ಮಾತ್ರ ಕೌನ್ಸಿಲ್‌ನವರು ದೇವರ ಹಾಗೆ ಕಂಡರು. ಮೆಲ್ಬರ್ನ್‌ನಲ್ಲಿರುವ ಅಕ್ಕ ಜಲಜಾಳ ಮನೆಗೆ ಮಗಳನ್ನು ಕರೆದುಕೊಂಡು ಹೊರಟಾಗ ಬಾಗಿಲಲ್ಲೇ ನಿಂತು ಗಂಡನಿಗೆ ಹೇಳಿದರು. ಗಂಡ ಹೆಂಡತಿ ಮಾತಾಡುವುದು ತುಳುವಿನಲ್ಲಿ. ನಿಮ್ಮ ಅನುಕೂಲಕ್ಕೆ ನಾನು ಕನ್ನಡ ಮಾಡಿದ್ದೇನೆ.

“ಸರಿಸುವುದೂ ಬೇಡ, ಎಂತದೂ ಬೇಡ. ಮುರ್ದು ಬಿಸಾಡಿ. ಭಾನುವಾರ ರಾತ್ರಿ ನಾನು ಬರುವಾಗ ಅದು ಹಿತ್ತಲಲ್ಲಿ ಇರ್ಬಾರ್ದು. ಅಲ್ಲಿ ಬಸಳೆ ಚಪ್ಪರ ಹಾಕ್ಲಿಕ್ಕುಂಟು.”

“ಆಯ್ತು ಮಾರಾಯ್ತಿ” ಎಂದರು ಯಾದವರು. ಮನಸ್ಸಿನಲ್ಲಿ ಮಾತ್ರ, ಪ್ರಾಣ ಹೋದರೂ ಶೆಡ್ಡು ಬಿಡುವುದಿಲ್ಲ, ಹಿತ್ತಲ ಆಚೆ ಮೂಲೆಗಾದರೂ ಸಾಗಿಸಿ ಉಳಿಸಿಕೊಳ್ಳುತ್ತೇನೆ ಎಂದು ನಿಶ್ಚಯಿಸಿದ್ದರು.

ಭಾನುವಾರ ಬೆಳಿಗ್ಗೆ ಸಹಾಯಕ್ಕೆ ಬಂದವನು ಇಂದ್ರೇಶ. ಚಾಟ್ಸ್‌ವುಡ್‌ನಲ್ಲಿ ಯಾದವರ ಆಫೀಸಿನಲ್ಲೇ ಕೆಲಸ. ಓದಲು ಬಂದು, ಕಾಯಂ ವಾಸದ ಪಿಆರ್ ಸಿಕ್ಕಿ, ಈಗ ಎಲ್ಲರಿಗೂ ಎಲ್ಲ ವಿಷಯದಲ್ಲೂ ಸಲಹೆ ಕೊಡುವ ಮಟ್ಟಕ್ಕೆ ಬೆಳೆದಿದ್ದ.

“ಅಂಕಲ್, ಟೆನ್ಷನ್ ತಗೋಬೇಡಿ. ಇಲ್ಲಿ ಡಿಸ್‌ಮ್ಯಾಂಟಲ್ ಮಾಡೋದು, ಅಲ್ಲಿ ಅಸೆಂಬಲ್ ಮಾಡೋದು. ಸಿಂಪಲ್” ಎಂದ.

ಸಿಂಪಲ್ ಕೆಲಸ ಬಾಗಿಲಿನಿಂದ ಶುರುವಾಯಿತು. ಬಾಗಿಲು ಕಳಚಿ ಬಂತು, ಜೊತೆಗೆ ಚೌಕಟ್ಟಿನ ಅರ್ಧವೂ ಬಂತು. ಮತ್ತೆ ಕೂರಿಸಲು ನೋಡಿದರೆ ಕೂರಲಿಲ್ಲ. ಇಂದ್ರೇಶ ಬಾಗಿಲನ್ನು ತಲೆಕೆಳಗು ಮಾಡಿ ನೋಡಿದ, ಹಿಂದೆ ಮುಂದೆ ಮಾಡಿ ನೋಡಿದ, ಕೊನೆಗೆ ಅದನ್ನು ಹುಲ್ಲಿನ ಮೇಲೆ ಮಲಗಿಸಿ, “ಇದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಅಂಕಲ್” ಎಂದು ತೀರ್ಪು ಕೊಟ್ಟ. ಯಾದವರು ಬಾಗಿಲಿಲ್ಲದ ಶೆಡ್ಡನ್ನು ನೋಡಿದರು. ಹಲ್ಲು ಕಿತ್ತ ಅಜ್ಜನ ಹಾಗೆ ಅದು ಅವರನ್ನು ನೋಡಿತು.

ಇದನ್ನೆಲ್ಲ ಬೇಲಿಯಾಚೆ ನಿಂತು ಒಬ್ಬರು ನೋಡುತ್ತಿದ್ದರು. ಪಕ್ಕದ ಮನೆಯ ಸುಗೆಂಗ್‌ನ ತಂದೆ, ಪಾಕ್ ವಗಿಮಾನ್. ‘ಪಾಕ್’ ಎಂದರೆ ಅವರ ಕಡೆ ಹಿರಿಯರನ್ನು ಕರೆಯುವ ರೀತಿ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಒಂದು ಬೆಂಕಿ ಉಗುಳುವ ಬೆಟ್ಟದ ತಪ್ಪಲಿನಲ್ಲಿ ಭತ್ತ ಬೆಳೆಯುವ ಹಳ್ಳಿಯವರು. ಹಿಂದಿನ ವರ್ಷದ ಭೂಕಂಪದಲ್ಲಿ ಊರಿಗೆ ಊರೇ ಅಲುಗಾಡಿ, ಊರವರೆಲ್ಲ ಸೇರಿ ಒಬ್ಬರ ಮನೆಯನ್ನು ಇನ್ನೊಬ್ಬರು ಕಟ್ಟಿಕೊಟ್ಟ ಮೇಲೆ, ಮಗ ಅವರನ್ನು ಸ್ವಲ್ಪ ಕಾಲ ನೆಮ್ಮದಿಯಾಗಿರಲಿ ಎಂದು ಸಿಡ್ನಿಗೆ ಕರೆತಂದಿದ್ದ. ಆ ನೆಮ್ಮದಿಯೇ ಅವರಿಗೆ ಒಗ್ಗಲಿಲ್ಲ. ಊರಿನಲ್ಲಿ ಬೆಳಗಾದರೆ ಮೆಟ್ಟಿಲು ಮೆಟ್ಟಿಲಾದ ಗದ್ದೆ, ನೀರಿನ ಸರದಿಗೆ ಜಗಳ, ಹೆಂಗಸರು ಸಾಲಾಗಿ ಹಿಂದೆ ಹಿಂದೆ ಸರಿಯುತ್ತ ನಾಟಿ ಮಾಡುವಾಗಿನ ನಗು. ಸಂಜೆಯಾದರೆ ಊರ ಕಾವಲಿನ ಪುಟ್ಟ ಗುಡಿಸಲಿನಲ್ಲಿ ಗಂಡಸರೆಲ್ಲ ಸೇರಿ ಕಾಫಿ, ಡಾಮಿನೊ ಆಟ, ಹರಟೆ. ಇಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವ ಒಂದು ನರಪಿಳ್ಳೆ ಇಲ್ಲ. ಬರದಿಂದಾಗಿ ಗಿಡಕ್ಕೆ ನೀರು ಬಿಡಲು ವಾರದಲ್ಲಿ ಇಂಥ ದಿನವೇ ಎಂದು ಸರ್ಕಾರ ಗೊತ್ತುಮಾಡಿತ್ತಲ್ಲ, ಸಿಡ್ನಿಯಲ್ಲಿ ಅವರಿಗೆ ಅರ್ಥವಾದ ಪದ್ಧತಿ ಅದೊಂದೇ.

ಪಾಕ್ ಮಗನನ್ನು ಕರೆದು ಏನೋ ಹೇಳಿದರು. ಅಪ್ಪನ ಮಾತು ಜಾವಾದ ಭಾಷೆಯಲ್ಲಿ, ಮಗನ ತರ್ಜುಮೆ ಇಂಗ್ಲಿಷಿನಲ್ಲಿ. ಸಾರಾಂಶ ಹೀಗೆ.

“ಯಾಕೆ ಕಳಚ್ತಿದೀರಿ ಅಂತ ಅಪ್ಪ ಕೇಳ್ತಿದಾರೆ.”

“ಆಚೆ ಮೂಲೆಗೆ ಸಾಗಿಸ್ಲಿಕ್ಕೆ.”

“ಅದಕ್ಕೆ ಕಳಚೋದು ಯಾಕೆ? ನಮ್ಮೂರಲ್ಲಿ ಮನೇನ ಹಾಗೇ ಹೊತ್ಕೊಂಡು ಹೋಗ್ತೀವಿ. ಊರವರೆಲ್ಲ ಬರ್ತಾರೆ, ಹೆಗಲು ಕೊಡ್ತಾರೆ. ಯಜಮಾನ ಮುಂದೆ ನಡೀತಾನೆ, ಮನೆ ಅವನ ಹಿಂದೆ ಹೋಗುತ್ತೆ.”

ಯಾದವರಿಗೆ ತಮ್ಮೂರಿನಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿಯಲು ಬರುತ್ತಿದ್ದ ಮುಯ್ಯಾಳುಗಳ ನೆನಪಾಗಿ ಕಣ್ಣು ಮಿನುಗಿತು. “ಇಲ್ಲಿ ಊರವರು ಎಲ್ಲುಂಟು?” ಎಂದರು.

ಪಾಕ್ ಕಸದ ಡಬ್ಬಿಯನ್ನು ಎಳೆದು ತಂದು, ಒಂದು ಕೋಲಿನಿಂದ ತಾಳಬದ್ಧವಾಗಿ ಬಡಿಯತೊಡಗಿದರು. ಅವರ ಊರಿನಲ್ಲಿ ಟೊಳ್ಳು ಮರದ ತುಂಡನ್ನು ಬಡಿಯುವುದಂತೆ. ಕಳ್ಳ ಬಂದರೆ ಒಂದು ತಾಳ, ಬೆಂಕಿಗೆ ಒಂದು ತಾಳ, ಕೆಲಸಕ್ಕೆ ಕರೆಯಲು ಒಂದು ತಾಳ. ಇಲ್ಲಿ ಅದಕ್ಕೆ ಓಗೊಟ್ಟದ್ದು ಎದುರು ಮನೆಯ ನಾಯಿ ಮಾತ್ರ. ಅಪ್ಪನ ಮುಖ ನೋಡಲಾರದೆ ಸುಗೆಂಗ್ ಫೋನು ತೆಗೆದು ಒಬ್ಬ ಗೆಳೆಯನಿಗೆ ವಿಷಯ ಹೇಳಿದ. ಆ ಗೆಳೆಯ ಇನ್ನೊಬ್ಬನಿಗೆ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಎರಡೂ ಬದಿ ಕಾರುಗಳು ನಿಂತವು. ಹೋಟೆಲಿನಲ್ಲಿ ಅಡುಗೆ ಮಾಡುವವನು, ಟ್ಯಾಕ್ಸಿ ಓಡಿಸುವವನು, ಆಸ್ಪತ್ರೆಯಲ್ಲಿ ನರ್ಸಾಗಿರುವವನು, ಯೂನಿವರ್ಸಿಟಿಯ ಹುಡುಗರು, ಎಲ್ಲ ಜಾವಾದ ಹಳ್ಳಿಗಳವರು, ಸಿಡ್ನಿಯ ದೂರದ ಸಬರ್ಬುಗಳಿಂದ ಬಂದವರು. ಯಾರೋ ಒಬ್ಬರು ಕೆಲಸಕ್ಕೆ ಕರೆದರಲ್ಲ ಎಂಬ ಸಂತೋಷ ಅವರ ಮುಖದಲ್ಲಿತ್ತು. ಪ್ರತಿಯೊಬ್ಬನೂ ಪಾಕ್ ಎದುರು ಬಗ್ಗಿ, ಎರಡು ಕೈಯಲ್ಲಿ ಅವರ ಕೈ ಹಿಡಿದು, ಆಮೇಲೆ ಯಾದವರ ಕೈಯನ್ನೂ ಹಾಗೇ ಹಿಡಿದ. ಯಾದವರಿಗೆ ಮದುಮಗನ ಹಾಗೆ ನಾಚಿಕೆಯಾಯಿತು.

“ಊಟ ಏನು ಮಾಡಿಸಿದೀರಿ ಅಂತ ಅಪ್ಪ ಕೇಳ್ತಿದಾರೆ” ಎಂದ ಸುಗೆಂಗ್. “ನಮ್ಮಲ್ಲಿ ಕೂಲಿ ಇಲ್ಲ. ಕರೆದವರು ಊಟ ಹಾಕ್ಬೇಕು.”

ಗುಣವತಿ ಗಂಡನಿಗೆಂದು ಫ್ರಿಜ್ಜಿನಲ್ಲಿ ಇಟ್ಟುಹೋದದ್ದು ಒಂದು ಡಬ್ಬಿ ಸಾಂಬಾರು. ಯಾದವರು ಕನ್ನಡ ಸಂಘದ ಪಿಕ್ನಿಕ್ಕಿನ ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟರು, ಸಾಂಬಾರಿಗೆ ನೀರು ಸುರಿದರು, ಇನ್ನಷ್ಟು ಸುರಿದರು, ಅದು ಸಾರಾಯಿತು, ಕಷಾಯವಾಯಿತು, ಕೊನೆಗೆ ಬರೇ ಬಿಸಿನೀರಿಗೆ ಅರಿಶಿನದ ಬಣ್ಣ ಉಳಿಯಿತು. ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ ಇಡಿಯಾಗಿ ಹೊರಗೆ ಬಂತು. ಪಾಕ್ ಅನ್ನವನ್ನು ತಟ್ಟೆಯ ಮೇಲೆ ಶಿಖರದ ಹಾಗೆ ಒಟ್ಟಿ, ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದರು. ಎಲ್ಲರೂ ಹುಲ್ಲಿನ ಮೇಲೆ ಕೂತು ಉಂಡರು. ಯಾರೂ ಒಂದು ಮಾತು ಕೊರತೆ ಹೇಳಲಿಲ್ಲ. ಉಪ್ಪಿನಕಾಯಿಯ ಖಾರಕ್ಕೆ ನರ್ಸಿನ ಕಣ್ಣಲ್ಲಿ ನೀರು ಬಂದರೂ ಅವನು ನಗುತ್ತಲೇ ಇನ್ನೊಂದು ಮಿಡಿ ಹಾಕಿಸಿಕೊಂಡ.

ಆಮೇಲೆ ಕೆಲಸ. ಸುಗೆಂಗ್ ಗ್ಯಾರೇಜಿಗೆಂದು ತಂದಿಟ್ಟಿದ್ದ ಉದ್ದನೆಯ ತೊಲೆಗಳನ್ನು ಶೆಡ್ಡಿನ ಗೋಡೆಗಳಿಗೆ ಅಡ್ಡಡ್ಡ ಬಿಗಿದರು. ಆರಾಮ ಕುರ್ಚಿಯನ್ನು ಹೊರಗಿಟ್ಟರು. ಶೆಡ್ಡಿಗೆ ನೆಲಹಾಸು ಇರಲಿಲ್ಲ. ಆದ್ದರಿಂದ ಗೋಡೆಗೆ ಹೊಡೆದಿದ್ದ ಕ್ಯಾಸೆಟ್ಟಿನ ಕಪಾಟು ಬೀಳದಂತೆ ಹಿಡಿದುಕೊಂಡು ಒಳಗೇ ನಡೆಯುವ ಜವಾಬ್ದಾರಿ ಇಂದ್ರೇಶನಿಗೆ ಬಂತು. ಹಿತ್ತಲ ನಡುವೆ ಬಟ್ಟೆ ಒಣಗಿಸುವ ದೊಡ್ಡ ಕಂಬ. ಅದನ್ನು ಬಳಸಿಕೊಂಡು, ಕಾರು ಬರುವ ದಾರಿಯ ಬದಿಯಿಂದ ಸುತ್ತಿ ಆಚೆ ಮೂಲೆಗೆ ಹೋಗಬೇಕು. ಯಾದವರು ಮುಂಡು ಎತ್ತಿ ಕಟ್ಟಿ ಮುಂದೆ ನಿಂತರು. ಪಾಕ್ ಒಂದು ಕೂಗು ಹಾಕಿದರು. ಶೆಡ್ಡು ಎದ್ದಿತು.

ಯಾದವರು ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗುಣವತಿ.

“ಎಂತ ಮಾಡ್ತಿದ್ದೀರಿ?” ಎಂಬುದಷ್ಟೇ ಕೇಳಿಸಿತು. ಆಮೇಲೆ ಗರಗರ. ಆ ಮನೆಯ ಹಿತ್ತಲಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಸಿಗ್ನಲ್ ಹುಡುಕಿಕೊಂಡು ಗೇಟಿನ ಕಡೆ ನಡೆಯುವುದು ಯಾದವರ ಅಭ್ಯಾಸ. ಅಲ್ಲದೆ ಹೆಂಡತಿಗೆ ಸುಳ್ಳು ಹೇಳುವಾಗ ಒಂದು ಕಡೆ ನಿಂತು ಹೇಳಲು ಅವರಿಗೆ ಯಾವತ್ತೂ ಆದದ್ದಿಲ್ಲ. ಮಾತಾಡುತ್ತ ನಡೆದರು. ಗೇಟು ದಾಟಿದರು. ಬಲಕ್ಕೆ ತಿರುಗಿದರು.

“ಶೆಡ್ ಎಂತಾಯ್ತು?” ಈಗ ಗುಣವತಿಯ ಧ್ವನಿ ಸ್ಪಷ್ಟವಾಗಿತ್ತು.

“ತೆಗ್ದಾಯ್ತು.”

“ನಿಜ ಹೇಳಿ.”

“ದೇವರಾಣೆ. ಈಗ ಹಿತ್ತಲಲ್ಲಿ ಶೆಡ್ ಇಲ್ಲ.”

ಅವರು ಸುಳ್ಳೆಂದುಕೊಂಡು ಹೇಳಿದ ಈ ಮಾತು ಅಕ್ಷರಶಃ ಸತ್ಯವಾಗಿತ್ತು. ಏಕೆಂದರೆ ಯಜಮಾನ ಮುಂದೆ ನಡೆದರೆ ಮನೆ ಹಿಂದೆ ಹೋಗಬೇಕು. ಎಲ್ಲಿಗೆ ಎಂದು ಕೇಳುವುದು ಪಾಕ್ ಅವರ ಊರಿನಲ್ಲಿ ಮರ್ಯಾದೆಯಲ್ಲ. ಶೆಡ್ಡು ಗೇಟು ದಾಟಿತ್ತು, ಬಲಕ್ಕೆ ತಿರುಗಿತ್ತು, ರಸ್ತೆಯ ನಡುವೆ ಗಂಭೀರವಾಗಿ ಯಾದವರ ಹಿಂದೆ ಬರುತ್ತಿತ್ತು. ಒಳಗೆ ಕಪಾಟು ಹಿಡಿದಿದ್ದ ಇಂದ್ರೇಶ, ಟರ್ನಿಂಗಿಗೆ ಜಾಗ ತಗೊಳ್ತಿದಾರೆ ಎಂದುಕೊಂಡು ಸುಮ್ಮನಿದ್ದ. ಶೆಡ್ಡಿನ ಅಡಿಯಿಂದ ಅವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಮೂಲೆ ಮನೆಯ ಬಿಳಿಯ ಮುದುಕ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, “ಮನೆ ಬದಲಾಯಿಸ್ತಿದೀರಾ ಮೇಟ್?” ಎಂದು ಕೇಳಿದ. ಫೋನಿನಲ್ಲಿ ಮುಳುಗಿದ್ದ ಯಾದವರು ಹೌದೆಂದು ತಲೆಯಾಡಿಸಿದರು.

“ನಾವು ಬೇಗದ ಫ್ಲೈಟ್ ಹಿಡಿದು ಬಂದಾಯ್ತು” ಎಂದರು ಗುಣವತಿ. “ಟ್ಯಾಕ್ಸಿಯಲ್ಲಿದ್ದೇವೆ. ನಮ್ಮ ರೋಡಿಗೆ ಬಂದೆವು, ಆದ್ರೆ ಬ್ಲಾಕ್ ಉಂಟು. ಎಂತದೋ ಮಾರಾಯ್ರೆ, ಎದುರಿಂದ ಒಂದು ಮನೆ ನಡ್ಕೊಂಡು ಬರ್ತಾ ಉಂಟು.”

“ಮನೆ ನಡೀತದಾ? ಬಿಸಿಲಿಗೆ ಹಾಗೆ ಕಾಣ್ತದೆ.”

“ಅಲ್ಲ, ನಡೀತಾ ಉಂಟು. ಅದಕ್ಕೆ ಕಾಲುಂಟು. ಮುಂದೆ ಒಬ್ಬ ಮುಂಡು ಎತ್ತಿ ಕಟ್ಟಿದವ ಫೋನಲ್ಲಿ ಮಾತಾಡ್ತಾ ಬರ್ತಿದ್ದಾನೆ. ನಾಚಿಕೆ ಇಲ್ಲದವ.”

ಫೋನಿನಲ್ಲಿ ಅಪೇಕ್ಷಾಳ ಧ್ವನಿ ಕೇಳಿಸಿತು. “ಅಮ್ಮಾ, ದಟ್ಸ್ ಡ್ಯಾಡ್.”

ಯಾದವರು ತಲೆಯೆತ್ತಿದರು. ಎದುರಿಗೆ ಟ್ಯಾಕ್ಸಿ. ತಿರುಗಿ ನೋಡಿದರು. ಹಿಂದೆ ಶೆಡ್ಡು. ಅದರ ಹಿಂದೆ ಒಂದು ಬಸ್ಸು, ನಾಲ್ಕಾರು ಕಾರು. ಶೆಡ್ಡಿನ ಕಿಟಕಿಯಿಂದ ಇಂದ್ರೇಶ ತಲೆ ಹೊರಹಾಕಿ, “ಆಂಟಿ, ಹೇಗಿತ್ತು ಮೆಲ್ಬರ್ನ್?” ಎಂದ. ಯಾದವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಗುಣವತಿ ಟ್ಯಾಕ್ಸಿಯಿಂದ ಇಳಿದು ಬಂದರು. ಗಂಡನನ್ನು ನೋಡಿದರು, ಶೆಡ್ಡನ್ನು ನೋಡಿದರು, ಅದರಡಿ ಬೆವರು ಸುರಿಸುತ್ತ ನಗುತ್ತ ನಿಂತ ಅಷ್ಟು ಜನರನ್ನು ನೋಡಿದರು. ಪಾಕ್ ಮುಂದೆ ಬಂದು ಎರಡು ಕೈ ಜೋಡಿಸಿ ಬಗ್ಗಿದರು. ಗುಣವತಿ ತಾವೂ ಕೈ ಮುಗಿದು, ಬಯ್ಯಲೆಂದು ಗಂಡನ ಕಡೆ ತಿರುಗಿದರು.

“ಇವ್ರಿಗೆಲ್ಲ ಊಟ ಹಾಕಿದ್ದೀರಾ?”

“ಹಾಕಿದ್ದೇನೆ.”

“ಎಂತ ಹಾಕಿದ್ರಿ?”

“ನಿನ್ನ ಸಾಂಬಾರು.”

“ಅಯ್ಯೋ ದೇವರೇ, ಅಷ್ಟೇ ಅಷ್ಟು ಇತ್ತು” ಎಂದು ಅವರು ತಲೆ ಚಚ್ಚಿಕೊಂಡರು. ಅವರಿಗೆ ಮರ್ಯಾದೆ ಹೋದದ್ದು ಶೆಡ್ಡಿನಿಂದಲ್ಲ, ಆ ಸಾಂಬಾರಿನಿಂದ. ಮೆರವಣಿಗೆ ಹಿಂದಿರುಗಿತು. ಈ ಸಲ ಮುಂದೆ ನಡೆದವರು ಗುಣವತಿ. ಆದ್ದರಿಂದ ಶೆಡ್ಡು ಅತ್ತಿತ್ತ ಆಗದೆ ನೇರವಾಗಿ ಹಿತ್ತಲ ಆಚೆ ಮೂಲೆಗೆ ಹೋಗಿ ಕೂತಿತು. ಒಳಗೆ ಹೋದ ಗುಣವತಿ ಎಲ್ಲರಿಗೂ ಗೋಳಿಬಜೆ ಕರಿದು, ಚಹಾ ಮಾಡಿ ತಂದರು.

ಯಾದವರು ಮೆಲ್ಲಗೆ ಹತ್ತಿರ ಹೋಗಿ, “ಶೆಡ್ ಮುರಿಯುವುದಾ ಹಾಗಾದ್ರೆ?” ಎಂದು ಕೇಳಿದರು.

“ಮುರಿಯುವುದಾ? ಇಷ್ಟು ಜನ ಹೆಗಲ ಮೇಲೆ ಹೊತ್ತು ತಂದದ್ದನ್ನು? ಪಾಪ ಬರ್ತದೆ. ಅಲ್ಲೇ ಇರ್ಲಿ.”

ಮದುವೆಯಾದಂದಿನಿಂದ ಹೆಂಡತಿಯ ಮೇಲೆ ಇಷ್ಟು ಪ್ರೀತಿ ಯಾದವರಿಗೆ ಬಂದದ್ದಿಲ್ಲ. ಸೋಮವಾರ ಕೌನ್ಸಿಲ್‌ನವರೂ ಬಂದರು, ಅಳೆದರು, ಸರಿಯಿದೆ ಎಂದು ಹೋದರು. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕೂತ ಯಾದವರಿಗೆ ದಿನವಿಡೀ ಕಣ್ಣ ಮುಂದೆ ಆರಾಮ ಕುರ್ಚಿಯೇ. ಸಂಜೆ ಮನೆಗೆ ಬಂದು, ಬಟ್ಟೆ ಬದಲಿಸಿ, ಚಹಾದ ಲೋಟ ಹಿಡಿದು, ಒಬ್ಬ ರಾಜನ ಹಾಗೆ ಹಿತ್ತಲಿಗೆ ನಡೆದರು.

ಶೆಡ್ಡಿನ ಮುಂದೆ ಚಪ್ಪಲಿಗಳ ಸಾಲಿತ್ತು. ಸೂರಿನಿಂದ ಒಂದು ಟೊಳ್ಳು ಬಿದಿರು, ಬಡಿಯುವ ಕೋಲಿನ ಸಮೇತ, ತೂಗುತ್ತಿತ್ತು. ಒಳಗಿನಿಂದ ನಗು, ಕಾಫಿಯ ಪರಿಮಳ, ಡಾಮಿನೊ ಬಿಲ್ಲೆಗಳ ಟಕಟಕ. ಟೇಪ್ ರೆಕಾರ್ಡರಿನಲ್ಲಿ ಜಾವಾದ ಯಾವುದೋ ಹಾಡು. ಯಾದವರು ಬಗ್ಗಿ ನೋಡಿದರು. ಚಾಪೆಯ ಮೇಲೆ ಅಡುಗೆಯವನು, ಟ್ಯಾಕ್ಸಿಯವನು, ನರ್ಸು, ಸುಗೆಂಗ್, ಅವರ ನಡುವೆ ಯಾರಿಗೋ ಆಟದ ಸಲಹೆ ಕೊಡುತ್ತಿರುವ ಇಂದ್ರೇಶ. ಆರಾಮ ಕುರ್ಚಿಯಲ್ಲಿ, ಸಿಡ್ನಿಗೆ ಬಂದಮೇಲೆ ಮೊದಲ ಬಾರಿಗೆ ಬಾಯ್ತುಂಬ ನಗುತ್ತಿದ್ದ ಪಾಕ್ ವಗಿಮಾನ್.

“ಹೊಸ ಜಾಗಕ್ಕೆ ಬಂದ ಮನೇನ ಒಂಟಿಯಾಗಿ ಬಿಡಬಾರದಂತೆ” ಎಂದ ಸುಗೆಂಗ್. “ದಿನಾ ಸಂಜೆ ಸರದಿ ಹಾಕ್ಕೊಂಡು ಬರ್ತೀವಿ. ನಿಮ್ಮ ಮಿಸೆಸ್ ಒಪ್ಪಿದಾರೆ.”

ಹೊರಗೇ ನಿಂತ ಯಾದವರನ್ನು ಕಂಡು ಪಾಕ್ ಕುರ್ಚಿಯಿಂದ ಅರ್ಧ ಎದ್ದರು. ಅವರ ಊರಿನ ಮರ್ಯಾದೆಯಂತೆ ಬಲಗೈ ಹೆಬ್ಬೆರಳಿನಿಂದ ಚಾಪೆಯ ಅಂಚನ್ನು ತೋರಿಸುತ್ತ, ಬಹಳ ಮೃದುವಾಗಿ ಏನೋ ಹೇಳಿದರು.

“ಅಪ್ಪ ಒಳಗೆ ಬನ್ನಿ ಅಂತಿದಾರೆ” ಎಂದ ಸುಗೆಂಗ್. “ಸಂಕೋಚ ಮಾಡ್ಕೋಬಾರದಂತೆ. ನಿಮ್ಮದೇ ಮನೆ ಅಂತ ತಿಳ್ಕೋಬೇಕಂತೆ.”